ಬೂದಿಯಲ್ಲಿನ ಸೀಸದ ಅಳತೆ ಸರಿಹೋದ ಬಗೆ

ಕಾರವಾರದ ನಮ್ಮ ಪ್ರಯೋಗಾಲಯದಲ್ಲಿ ಆಸ್ಪತ್ರೆ ತ್ಯಾಜ್ಯ ಸುಟ್ಟ ಬೂದಿಯ ಸೋರುದ್ರವವನ್ನು (ಬೂದಿಯಲ್ಲಿನ ವಸ್ತುಗಳು ಕರಗಿ ಇಳಿದು ಬರುವ ದ್ರವ) ಗ್ರಾಫೈಟ್ ಫರ್ನೇಸ್ ಉಪಕರಣದಲ್ಲಿ (ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಆವಿಯಾದ ಲೋಹ ಹೀರುವ ಬೆಳಕನ್ನು ಅಳೆಯುವ ಸಾಧನ) 283.3 ನ್ಯಾನೋಮೀಟರ್ ತರಂಗಾಂತರದಲ್ಲಿ ಪರೀಕ್ಷಿಸುವಾಗ, ನಾವೇ ಅಳೆದು ಬೆರೆಸಿದ ಸೀಸವೂ ಪೂರ್ತಿಯಾಗಿ ಮರಳಿ ಸಿಗುತ್ತಿರಲಿಲ್ಲ. ಕಾರವಾರ ಕಡಲತೀರದ ಊರಾದ್ದರಿಂದ ಗಾಳಿಯ ಉಪ್ಪಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಅದೇ ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಬೆರೆಸಿದ ಸೀಸ ಸರಿಯಾಗಿಯೇ ಸಿಗುತ್ತಿದ್ದುದರಿಂದ ಕಡಲ ಗಾಳಿಯ ಉಪ್ಪು ಇದಕ್ಕೆ ಕಾರಣವಾಗಿರಲಿಲ್ಲ. ಪಿವಿಸಿ (ಕ್ಲೋರಿನ್ ಇರುವ ಪ್ಲಾಸ್ಟಿಕ್) ಕೊಳವೆ, ಚೀಲಗಳು ಸುಟ್ಟು ಬೂದಿಯಲ್ಲಿ ಉಳಿಯುವ ಕ್ಲೋರೈಡ್, ಸೀಸವನ್ನು ಬೇಗ ಆವಿಯಾಗುವ ಸೀಸದ ಕ್ಲೋರೈಡನ್ನಾಗಿ ಮಾರ್ಪಡಿಸುತ್ತದೆ. ಅಳತೆಯ ಹಂತಕ್ಕೆ ಮೊದಲೇ ಅದು ಹಾರಿಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಸೋರುದ್ರವದ ಸೀಸಕ್ಕೆ ಲೀಟರಿಗೆ 5 ಮಿಲಿಗ್ರಾಂ ಮಿತಿಯನ್ನು ವಿಧಿಸಿರುವಾಗ ಇಂತಹ ಕೊರತೆಯನ್ನು ಸಹಿಸುವಂತಿಲ್ಲ. ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ನೈಟ್ರೇಟ್ ಸೇರಿಸಿದಾಗ ಸೀಸ ಹೆಚ್ಚಿನ ಉಷ್ಣತೆಯವರೆಗೂ ಆವಿಯಾಗದೆ ನಿಂತಿತು. ಉಳಿದ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಅಡಿಷನ್ ವಿಧಾನ (ಮಾದರಿಗೇ ಗೊತ್ತಿರುವ ಪ್ರಮಾಣದ ಸೀಸವನ್ನು ಹಂತಹಂತವಾಗಿ ಸೇರಿಸಿ, ಅಳತೆ ಏರುವ ಬಗೆಯಿಂದ ಮೂಲ ಪ್ರಮಾಣವನ್ನು ಲೆಕ್ಕಹಾಕುವುದು) ನೀಗಿಸಿತು. ಪಿವಿಸಿ ಆಟಿಕೆಗಳ ಮಾದರಿಗಳಿಗೂ ಈಗ ಇದೇ ಕ್ರಮವನ್ನು ಅನುಸರಿಸುತ್ತಿದ್ದೇವೆ.