ಬಂಪರ್ ಉಜ್ಜಿದ ಜಾಗಕ್ಕೆ ನಾನೇ ಬಣ್ಣ ಹಾಕಿದ್ದು

ಗೀಚಿದ ಜಾಗವನ್ನು ಮೊದಲು ತೊಳೆಯಬೇಕು. ತೊಳೆಯದೆ ನೋಡಿದರೆ ಯಾವ ಗೀಚೂ ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ನಮ್ಮ ಸಿಲ್ವರ್ ಸ್ವಿಫ್ಟ್‌ನ ಹಿಂದಿನ ಬಂಪರಿನ ಎಡ ಮೂಲೆ ಬೇಸ್‌ಮೆಂಟಿನ ಕಂಬಕ್ಕೆ ಉಜ್ಜಿತ್ತು. ಕಂಬಕ್ಕೆ ಬಳಿದಿದ್ದ ಹಳದಿ ಬಣ್ಣವೆಲ್ಲ ಬಂಪರಿಗೆ ಹತ್ತಿಕೊಂಡು ಅಂಗೈಯಗಲ ಜಾಗ ಹಾಳಾದಂತೆ ಕಾಣುತ್ತಿತ್ತು. ಶಾಂಪೂ ನೀರಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೈಯನ್ನು ನವಿರಾಗಿ ತಿಕ್ಕುವ ಪೇಸ್ಟ್) ಹಚ್ಚಿ ತಿಕ್ಕಿದ ಮೇಲೆ ಹಳದಿ ಬಿಟ್ಟುಬಂತು; ಉಳಿದದ್ದು ನಾಲ್ಕು ಬೆರಳಗಲದ ನಿಜವಾದ ಗಾಯ. ಈ ಹಂತದಲ್ಲಿ ಥಿನ್ನರ್ ಮುಟ್ಟಬೇಡಿ. ಕಂಬದ ಬಣ್ಣದ ಜೊತೆ ಗಾಡಿಯ ಬಣ್ಣವನ್ನೂ ಅದು ಎಬ್ಬಿಸಿಬಿಡುತ್ತದೆ.

ಆಮೇಲೆ ಉಗುರಿನ ಪರೀಕ್ಷೆ. ಗೀಚಿನ ಮೇಲೆ ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಪೆಟ್ಟು ಬಣ್ಣದ ಮೇಲಿರುವ ಪಾರದರ್ಶಕ ಪದರಕ್ಕೆ, ಅಂದರೆ ಕ್ಲಿಯರ್ ಕೋಟಿಗಷ್ಟೇ. ಕಾಂಪೌಂಡ್, ಪಾಲಿಶ್ ಸಾಕು. ಉಗುರು ಸಿಕ್ಕಿ, ಒಳಗೆ ಕಪ್ಪು ಪ್ಲಾಸ್ಟಿಕ್ ಕಂಡರೆ ಪಾಲಿಶ್‌ನಿಂದ ಏನೂ ಆಗದು. ಕ್ಲಿಯರ್, ಬಣ್ಣ, ಬಣ್ಣ ಹಿಡಿಯಲೆಂದು ತಳಕ್ಕೆ ಹಾಕುವ ಪ್ರೈಮರ್ ಎಲ್ಲ ಪದರ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದಕ್ಕೇ ಕಾಂಕ್ರೀಟು ಸ್ವಲ್ಪ ಸೋಕಿದರೂ ಪ್ಲಾಸ್ಟಿಕ್ ಹೊರಗೆ ಬರುವುದು. ನನ್ನದು ಹಾಗೆಯೇ ಆಗಿತ್ತು.

ಇನ್ಶೂರೆನ್ಸ್ ಇದೆಯಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಲೆಕ್ಕ ಹಾಕಿ ನೋಡಿದೆ. ಕ್ಲೇಮ್ ಮಾಡದೆ ವರ್ಷಗಳು ಕಳೆದಂತೆ ನಮ್ಮದೇ ಗಾಡಿಯ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ 20, 25, 35, 45, ಕೊನೆಗೆ 50 ಶೇಕಡಾಕ್ಕೆ ಏರುತ್ತದೆ. ಒಂದು ಸಣ್ಣ ಕ್ಲೇಮ್ ಮಾಡಿದರೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಝೀರೋ ಡೆಪ್ (ಸವಕಳಿಯೆಂದು ಬೆಲೆ ಕಡಿಯದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಬಂಪರ್ ಬದಲಿಸಿದರೂ ಪ್ಲಾಸ್ಟಿಕ್ ಭಾಗವೆಂದು ಅರ್ಧ ಬೆಲೆ ಕಡಿಯುತ್ತಾರೆ. ನಾಲ್ಕು ಬೆರಳಗಲದ ಗೀಚಿಗೆ ಇಷ್ಟು ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಬಣ್ಣದ ಕೋಡ್ ಬಾನೆಟ್ ಒಳಗೋ ಬಾಗಿಲ ಕಂಬದಲ್ಲೋ ಸಿಗಬಹುದು. ಸಿಗದಿದ್ದರೆ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು. ನಮ್ಮ ಗಾಡಿಯದು ಸಿಲ್ಕಿ ಸಿಲ್ವರ್, ಜೆಡ್2ಎಸ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಣ್ಣ ಬೆರೆಸಿ ಸ್ಪ್ರೇ ಡಬ್ಬಿಗೆ ತುಂಬಿಕೊಡುವವರ ಹತ್ತಿರ ಕೋಡ್ ಹೇಳಿದೆ. "ಕೋಡ್ ಸರಿ ಸಾರ್, ಆದ್ರೆ ಬಿಸಿಲಲ್ಲಿ ಓಡಾಡಿದ ಗಾಡಿ. ಪೆಟ್ರೋಲ್ ಮುಚ್ಚಳ ಬಿಚ್ಕೊಂಡು ಬನ್ನಿ, ನೋಡ್ಕೊಂಡೇ ಮಾಡೋಣ" ಎಂದರು ಅಂಗಡಿಯವರು. ಬಹಳ ಒಳ್ಳೆಯ ಮಾತು. ಮುಚ್ಚಳವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದು ಹನಿ ಸೇರಿಸುತ್ತಾ ಹೊಂದಿಸಿಕೊಟ್ಟರು. ಬಿಳಿ, ಕೆಂಪಿಗಿಂತ ಸಿಲ್ವರ್ ಕಷ್ಟ. ಅದರಲ್ಲಿರುವ ಲೋಹದ ಚೂರುಗಳು ಹೇಗೆ ಕೂರುತ್ತವೋ ಹಾಗೆ ಛಾಯೆ ಬದಲಾಗುತ್ತದೆ.

ಈ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೆಯ ಸಣ್ಣ ಭಾಗ. ಉಜ್ಜುವುದು, ಒರೆಸುವುದೇ ಮುಖ್ಯ. ಬಂಪರಿನ ಒಳಮೈಯಲ್ಲಿ ಪಿಪಿ ಎಂದು ಅಚ್ಚಾಗಿರುತ್ತದೆ, ಅಂದರೆ ಪಾಲಿಪ್ರೊಪಿಲೀನ್. ಇದಕ್ಕೆ ಬಣ್ಣ ನೇರವಾಗಿ ಹಿಡಿಯುವುದಿಲ್ಲ. ಒಣಗಿದ್ದಾಗ ಜೋರಾಗಿ ಉಜ್ಜಿದರೆ ಸಣ್ಣ ಎಳೆಗಳು ಏಳುತ್ತವೆ; ಅವುಗಳ ಮೇಲೆ ಬಣ್ಣ ಹೊಡೆದರೆ ಮೈ ಒರಟಾಗುತ್ತದೆ. ಎದ್ದಿದ್ದ ಎಳೆಗಳನ್ನು ಬ್ಲೇಡಿನಿಂದ ಹಗುರವಾಗಿ ಹೆರೆದು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಒದ್ದೆ ಮಾಡಿಕೊಂಡು 320ರಿಂದ 600ರವರೆಗೆ ಹಂತಹಂತವಾಗಿ ಉಜ್ಜಿದೆ; ನಂಬರ್ ಹೆಚ್ಚಿದಂತೆ ಪೇಪರ್ ನಯ. ಹಳೆ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗಬಾರದು. ಕಣ್ಣು ಮುಚ್ಚಿ ಸವರಿ ನೋಡಿ, ಬೆರಳಿಗೆ ಗೊತ್ತಾಗುತ್ತದೆ. ಆಳವಾದ ಗೆರೆಗಳಿಗೆ ಬಂಪರಿಗೆಂದೇ ಬರುವ, ಬಾಗುವ ಪುಟ್ಟಿ ಹಾಕಬೇಕು. ತಗಡಿಗೆ ಹಾಕುವ ಪುಟ್ಟಿ ಗಡುಸು. ಬಂಪರ್ ಸ್ವಲ್ಪ ಒತ್ತಿಕೊಂಡರೂ ಬಿರುಕು ಬಿಡುತ್ತದೆ.

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಮುಟ್ಟಿದ ಬಟ್ಟೆ ಹತ್ತಿರವೂ ಬರಬಾರದು. ಅದರಲ್ಲಿನ ಸಿಲಿಕೋನ್ ಚೂರು ಉಳಿದರೂ ಬಣ್ಣ ಅಲ್ಲಲ್ಲಿ ಕುಳಿ ಬೀಳುತ್ತದೆ. ಒರೆಸಿದ ಮೇಲೆ ಪ್ಲಾಸ್ಟಿಕ್ ಪ್ರೈಮರಿನ ಒಂದು ತೆಳು ಪದರ. ಇದನ್ನು ಬಿಟ್ಟು ಹೊಡೆದ ಬಣ್ಣ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಪ್ರೆಶರ್ ವಾಶ್ ಮಾಡಿಸಿದ ದಿನ ಹಾಳೆಯಾಗಿ ಏಳುತ್ತದೆ. ಅದರ ಮೇಲೆ ಮೈ ಸಮ ಮಾಡುವ ಬೂದು ಬಣ್ಣದ ಸರ್ಫೇಸರ್, ಅದು ಒಣಗಿದ ಮೇಲೆ 800ರ ಪೇಪರ್. ಸುತ್ತಲ ಹಳೆ ಬಣ್ಣದ ಹೊಳಪನ್ನೂ 1500ರ ಪೇಪರಿನಲ್ಲಿ ತೆಗೆದಿಟ್ಟುಕೊಂಡೆ. ಕ್ಲಿಯರ್ ಅಲ್ಲಿಯವರೆಗೂ ಹೋಗಬೇಕಲ್ಲ.

ಬಣ್ಣ ಹೊಡೆಯಲು ಗಾಡಿಯನ್ನು ತುಮಕೂರಿಗೆ, ಅಮ್ಮನ ಮನೆಗೆ ಒಯ್ದೆ. ಬೇಸ್‌ಮೆಂಟಿನಲ್ಲಿ ಗಾಳಿಯಾಡುವುದಿಲ್ಲ. ಮಳೆಗಾಲದ ತೇವದಲ್ಲಿ ಬಣ್ಣ ಬಿಳಿಚಿಕೊಳ್ಳುತ್ತದೆಂದು ಡಿಸೆಂಬರ್‌ವರೆಗೆ ಕಾದಿದ್ದೆ. ಇಬ್ಬನಿ ಆರಿ ಬಿಸಿಲು ಚುರುಗುಟ್ಟುವ ಮೊದಲಿನ ಹೊತ್ತು ಹಿತ. ಧೂಳು ಏಳದಂತೆ ಅಮ್ಮ ಅಂಗಳಕ್ಕೆ ನೀರು ಚಿಮುಕಿಸಿಕೊಟ್ಟರು. ದೀಪ, ಟೈರು, ಸೈಲೆನ್ಸರ್ ಎಲ್ಲ ಹಳೆ ಪೇಪರಿನಿಂದ ಮುಚ್ಚಿದೆ. ಟೇಪನ್ನು ಬಣ್ಣದ ಬದಿಯಲ್ಲಿ ಮಡಚಿ ಅಂಟಿಸಿದರೆ ಗಟ್ಟಿ ಗೆರೆ ಉಳಿಯುವುದಿಲ್ಲ.

ಡಬ್ಬಿಯನ್ನು ಎರಡು ನಿಮಿಷ ಕುಲುಕಿ, ಒಂದು ಗೇಣು ದೂರದಿಂದ, ಜಾಗಕ್ಕೆ ಬರುವ ಮೊದಲೇ ಒತ್ತಿ ದಾಟಿದ ಮೇಲೆ ಬಿಡಬೇಕು. ಮೊದಲ ಸುತ್ತು ಮಂಜು ಹಿಡಿದಷ್ಟೇ. ಪ್ರತಿ ಸುತ್ತಿನ ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಕೈ ನಿಲ್ಲಿಸಿದಲ್ಲಿ ಬಣ್ಣ ಸೋರುತ್ತದೆ. ಕೊನೆಯ ಸುತ್ತನ್ನು ಇನ್ನಷ್ಟು ದೂರದಿಂದ ಹಗುರವಾಗಿ ಹೊಡೆದಾಗ ಸಿಲ್ವರಿನ ಮಚ್ಚೆಗಳೆಲ್ಲ ಸಮವಾದವು. ಆ ಕ್ಷಣ ನನಗೆ ಬಹಳ ಖುಷಿ ಕೊಟ್ಟಿತು.

ಕ್ಲಿಯರ್‌ಗೆ ಟೂ-ಕೆ ಡಬ್ಬಿ, ಅಂದರೆ ಗಟ್ಟಿಯಾಗಿಸುವ ಹಾರ್ಡನರ್ ಒಳಗೇ ಇರುವ ಡಬ್ಬಿ ತಂದಿದ್ದೆ. ಪೆಟ್ರೋಲ್ ಚೆಲ್ಲಿದರೂ ತಡೆಯುವುದು ಅದೇ. ಆದರೆ ಅದರಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇದೆ, ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಏನೂ ಮಾಡದು. ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್, ಕೈಗವಸು, ಕನ್ನಡಕ, ತೆರೆದ ಗಾಳಿ ಇಲ್ಲದೆ ಇದನ್ನು ಮಾಡಲೇಬೇಡಿ. ಮಕ್ಕಳನ್ನು ಒಳಗೆ ಕಳಿಸಿ. ಅಸ್ತಮಾ ಇರುವವರು ಗ್ಯಾರೇಜಿಗೇ ಬಿಡುವುದು ಒಳ್ಳೆಯದು.

ಚೆನ್ನಾಗಿ ಗಟ್ಟಿಯಾಗಲು ಕೆಲವು ದಿನ ಬಿಟ್ಟು, 2000 ಮತ್ತು 3000ರ ಪೇಪರಿನಲ್ಲಿ ಒದ್ದೆಯಾಗಿ ಸವರಿ, ಕಾಂಪೌಂಡ್ ಹಾಕಿದೆ. ವ್ಯಾಕ್ಸ್ ಮಾತ್ರ ಒಂದು ತಿಂಗಳು ಬೇಡ. ಹತ್ತಿರ ಕೂತು ನೋಡಿದರೆ ಹೊಸ ಜಾಗ ಕಣ್ಣು ಪಳಗಿದವರಿಗೆ ತಿಳಿಯುತ್ತದೆ; ನಿಂತು ನೋಡಿದರೆ ತಿಳಿಯದು.

ಬಂಪರ್ ಸೀಳಿದ್ದರೆ, ಕ್ಲಿಪ್ಪು ಮುರಿದಿದ್ದರೆ ಟಿಂಕರಿಂಗ್‌ನವರ ಹತ್ತಿರ ಹೋಗಿ. ಪ್ಲಾಸ್ಟಿಕ್ ವೆಲ್ಡಿಂಗ್ ಬೇರೆಯೇ ವಿದ್ಯೆ. ಹೊಸ ಗಾಡಿಗಳಲ್ಲಿ ಬಂಪರಿನ ಹಿಂದೆ ರೇಡಾರ್ ಇದ್ದರೆ ಅದರ ಎದುರಿನ ಜಾಗಕ್ಕೆ ಪುಟ್ಟಿ, ದಪ್ಪ ಬಣ್ಣ ಹಾಕಬಾರದು, ಅದರ ಅಲೆ ಸರಿಯಾಗಿ ದಾಟುವುದಿಲ್ಲ. ಪಾರ್ಕಿಂಗ್ ಸೆನ್ಸರಿನ ಮುಖಕ್ಕೂ ಟೇಪು ಹಾಕಿಯೇ ಸ್ಪ್ರೇ ಹಿಡಿಯಿರಿ.