ಕ್ರಾಂತಿಯ ಕಥೆಯನ್ನು ನಾಲ್ಕೈದು ಜನ ಸೇರಿ ಆಡುವುದು ಹೇಗೆ?

ಫ್ರೆಂಚ್ ಕ್ರಾಂತಿ ಇಟ್ಟುಕೊಂಡು ಒಂದು ರೋಲ್‌ಪ್ಲೇ ಕಥೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಸರದಿಯಂತೆ ಮುಂದುವರಿಸುವ ಕಥೆ, ಬರೆಯೋಣ ಅಂದರೆ ಸಾಕು, ಒಬ್ಬರು ಕ್ರಾಂತಿಯ ನಾಯಕ ರೋಬೆಸ್ಪಿಯರ್ ಪಾತ್ರ ನಂದು ಅಂತಾರೆ, ಇನ್ನೊಬ್ಬರು ರಾಣಿ ಮೇರಿ ಆಂಟೊನೆಟ್‌ಗೆ ಟವೆಲ್ ಹಾಕಿ ಕೂತಿರುತ್ತಾರೆ. ಬೇಡ. ಇವರಿಬ್ಬರ ತಲೆ ಯಾವ ದಿನ ಹೋಯಿತು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಆ ಪಾತ್ರ ಹಿಡಿದವರಿಗೆ ಮಾಡೋಕೆ ಏನೂ ಉಳಿಯುವುದಿಲ್ಲ. ದೊಡ್ಡವರು ಸುದ್ದಿಯಲ್ಲಿ ಬಂದು ಹೋಗಲಿ. ನೀವು ಬೀದಿಯ ಜನ ಆಗಿ.

ಮೊದಲು ಕಾಲ ಗೊತ್ತು ಮಾಡಿಕೊಳ್ಳಿ. 1789ರಿಂದ 1794ರವರೆಗೆ ಪೂರ್ತಿ ಎಳೆಯೋಕೆ ಹೋದರೆ ಬಾಸ್ಟೀಲ್ ಕೋಟೆ ಬೀಳುವಷ್ಟರಲ್ಲೇ ಅರ್ಧ ಜನ ಕಾಣೆಯಾಗಿರುತ್ತಾರೆ. ನನ್ನ ಆಯ್ಕೆ 1793ರ ಸೆಪ್ಟೆಂಬರ್ 17ರಿಂದ ಮುಂದಿನ ಬೇಸಿಗೆಯವರೆಗೆ. ಅವತ್ತು ಶಂಕಿತರ ಕಾನೂನು ಬಂತು. ಮಾತು, ನಡತೆ, ಸ್ನೇಹ, ಯಾವುದರಿಂದಲಾದರೂ ಕ್ರಾಂತಿಯ ವಿರೋಧಿ ಅನಿಸಿದವರನ್ನು ಹಿಡಿದು ಒಳಗೆ ಹಾಕಬಹುದಿತ್ತು. ಕಥೆಗೆ ಇದಕ್ಕಿಂತ ಒಳ್ಳೆ ಶುರು ಬೇಕಾ?

ಜಾಗವೂ ಚಿಕ್ಕದಿರಲಿ. ಆಗ ಪ್ಯಾರಿಸ್ 48 ವಿಭಾಗಗಳಾಗಿತ್ತು, ಒಂದೊಂದಕ್ಕೂ ತನ್ನದೇ ಸಭೆ, 1793ರಿಂದ ಜನರ ಮೇಲೆ ಕಣ್ಣಿಡುವ ಸಮಿತಿ ಬೇರೆ. ಬಡಗಿಗಳು, ಕುರ್ಚಿ ಮೇಜು ಮಾಡುವವರು ತುಂಬಿದ್ದ ಸೇಂಟ್ ಆಂತ್ವಾನ್ ಬಡಾವಣೆಯಲ್ಲಿ ಒಂದೇ ಒಂದು ಬೀದಿ ಹಿಡಿಯಿರಿ, ಸಾಕು. ಎಲ್ಲ ಪಾತ್ರಗಳೂ ದಿನಾ ಒಬ್ಬರಿಗೊಬ್ಬರು ಎದುರಾಗಲೇಬೇಕು.

ಈಗ ಪಾತ್ರಗಳು. ಪ್ರತಿಯೊಬ್ಬರಿಗೂ ಒಂದು ಆಸೆ, ಒಂದು ಗುಟ್ಟು, ಜೊತೆಗೆ ಇನ್ನೊಂದು ಪಾತ್ರದ ಹತ್ತಿರ ಒಂದು ಸಾಲ ಅಥವಾ ಋಣ ಇರಲಿ. ಮೂರನೆಯದನ್ನು ಜನ ಮರೆಯುವುದೇ ಜಾಸ್ತಿ, ಆದರೆ ಕಥೆ ಎಳೆದುಕೊಂಡು ಹೋಗುವುದು ಅದೇ. ಶ್ರೀಮಂತ ಗಿರಾಕಿಗಳೆಲ್ಲ ದೇಶ ಬಿಟ್ಟು ಓಡಿದ್ದರಿಂದ ಕೈ ಖಾಲಿಯಾದ ವಿಗ್ ತಯಾರಕ, ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲ್ಲ ಅಂದ ಪಾದ್ರಿಯನ್ನು ಅಟ್ಟದಲ್ಲಿ ಬಚ್ಚಿಟ್ಟ ಅಗಸಗಿತ್ತಿ, ಒಬ್ಬ ಬೇಕರಿಯವನು, ಸಮಿತಿಯಲ್ಲಿ ಗುಮಾಸ್ತನಾಗಿರುವ ಇಪ್ಪತ್ತೆಂಟರ ಹುಡುಗ.

ಇವರನ್ನು ಬೆಳಗಿನ ಬ್ರೆಡ್ ಸಾಲಿನಲ್ಲಿ ನಿಲ್ಲಿಸಿ ನೋಡಿ. ಸೆಪ್ಟೆಂಬರ್ 29ಕ್ಕೆ ಸರ್ಕಾರ ಅಗತ್ಯ ಸಾಮಾನಿಗೆಲ್ಲ ಗರಿಷ್ಠ ಬೆಲೆ ಕಟ್ಟಿದೆ. ಬೇಕರಿಯವನಿಗೆ ಹಿಟ್ಟು ಸಾಲುತ್ತಿಲ್ಲ, ಬೆಲೆ ಏರಿಸುವ ಹಾಗಿಲ್ಲ. ಅಗಸಗಿತ್ತಿ ಒಂದು ರೊಟ್ಟಿ ಜಾಸ್ತಿ ಕೇಳುತ್ತಾಳೆ. ಒಂಟಿ ಹೆಂಗಸಿಗೆ ಇಷ್ಟು ಯಾಕೆ ಅಂತ ಗುಮಾಸ್ತ ತಲೆ ಎತ್ತುತ್ತಾನೆ. ವಿಗ್‌ನವನಿಗೆ ವಿಷಯ ಗೊತ್ತು, ಆದರೆ ನಿಷ್ಠಾವಂತ ನಾಗರಿಕ ಅನ್ನುವ ಪ್ರಮಾಣಪತ್ರ ಅವನಿಗೆ ಸಿಗಬೇಕಾಗಿರುವುದು ಅದೇ ಸಮಿತಿಯಿಂದ. ಅವನ ಸರದಿ ಬಂದಾಗ ಏನು ಬರೆಯುತ್ತಾನೆ? ಇಲ್ಲಿ ಕತ್ತಿಯೂ ಇಲ್ಲ, ಗಿಲೊಟಿನ್ನೂ ಇಲ್ಲ, ಆದರೂ ಒಂದು ವಾರ ಆಡುವಷ್ಟು ಸರಕಿದೆ.

ಕಥೆ ನಡೆಸುವವರು ಒಂದು ಹಾಳೆಯಲ್ಲಿ ಅಲುಗಾಡಿಸಲಾಗದ ತಾರೀಕುಗಳನ್ನು ಬರೆದಿಡಿ: ಅಕ್ಟೋಬರ್ 16ಕ್ಕೆ ರಾಣಿಯ ತಲೆದಂಡ, 1794ರ ಜೂನ್ 10ಕ್ಕೆ ಆರೋಪಿಗಳಿಗೆ ವಕೀಲರೇ ಇಲ್ಲದ ಹಾಗೆ ಮಾಡಿದ ಕಾನೂನು, ಜುಲೈ 27ಕ್ಕೆ ರೋಬೆಸ್ಪಿಯರ್ ಪತನ. ಇವುಗಳ ನಡುವೆ ಏನು ಬೇಕಾದರೂ ಆಗಲಿ. ಆದರೆ ಮುಂದಿನದು ಪಾತ್ರಗಳಿಗೆ ಗೊತ್ತಿರಬಾರದು. ನವೆಂಬರ್‌ನಲ್ಲಿ ನಿಂತು ‘ಇನ್ನೇನು, ಬೇಸಿಗೆಗೆ ಇದೆಲ್ಲ ಮುಗಿಯುತ್ತೆ’ ಅಂತ ಮಾತಾಡುವ ಪಾತ್ರವನ್ನು ಸುಮ್ನೆ ವಾಪಸ್ ಕಳಿಸಿ, ತಿದ್ದಿ ಬರೆಯಲಿ. ಕ್ರಾಂತಿಯ ಸರ್ಕಾರ ತಂದ ಹೊಸ ಕ್ಯಾಲೆಂಡರ್ ಮರೀಬೇಡಿ. ವಾರಕ್ಕೆ ಹತ್ತು ದಿನ, ಭಾನುವಾರವೇ ಮಾಯ. ಅಟ್ಟದ ಪಾದ್ರಿ ದಿನ ಎಣಿಸುವುದು ಹೇಗೆ ಅಂತ ಯೋಚಿಸಿ.

ನಿಯಮ ಜಾಸ್ತಿ ಬೇಡ, ಆದರೆ ದೂರಿನ ವಿಷಯದಲ್ಲಿ ಬಿಗಿ ಇರಲಿ. ಈ ಕಾಲದಲ್ಲಿ ಯಾರ ಮೇಲಾದರೂ ದೂರು ಕೊಡುವುದು ಎಷ್ಟು ಸುಲಭ ಅಂದರೆ, ಬಿಟ್ಟರೆ ಎರಡನೇ ವಾರಕ್ಕೇ ಬೀದಿ ಖಾಲಿ. ದೂರು ಕೊಟ್ಟವರು ಅದರಿಂದ ತಮ್ಮ ಪಾತ್ರ ಕಳೆದುಕೊಂಡದ್ದು ಏನು ಅಂತ ಅದೇ ಸರದಿಯಲ್ಲಿ ಬರೆಯಬೇಕು. ಬಿಡುಗಡೆಯೋ ಶಿಕ್ಷೆಯೋ ಅನ್ನುವುದನ್ನು ದಾಳ ಹೇಳಲಿ, ಆದರೆ ಪಾತ್ರ ಸಾಯಬೇಕಾದರೆ ಅದನ್ನು ಆಡುವವರ ಒಪ್ಪಿಗೆ ಬೇಕೇ ಬೇಕು. ರಕ್ತಪಾತ ಎಷ್ಟು ವಿವರವಾಗಿ ಬರೆಯಬಹುದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ, ಮಧ್ಯದಲ್ಲಿ ಅಲ್ಲ.

ಸರದಿಗೆ ಎರಡು ದಿನ. ಬರೆಯದೆ ಮಾಯವಾಗುವವರು ಇದ್ದೇ ಇರುತ್ತಾರೆ, ಅಲ್ವಾ? ಅದಕ್ಕೂ ಇತಿಹಾಸದಲ್ಲೇ ಮದ್ದಿದೆ. 1793ರ ಆಗಸ್ಟ್ 23ರ ಆದೇಶದಂತೆ 18ರಿಂದ 25 ವಯಸ್ಸಿನ ಮದುವೆಯಾಗದ ಗಂಡಸರೆಲ್ಲ ಮೊದಲು ಸೈನ್ಯಕ್ಕೆ ಹೋಗಬೇಕಿತ್ತು. ಪಾತ್ರ ಆ ವಯಸ್ಸಿನವನಾದರೆ ಗಡಿಗೆ ಕಳಿಸಿಬಿಡಿ. ಆಟಗಾರ ತಿರುಗಿ ಬಂದರೆ ಗಾಯಗೊಂಡು ಮನೆಗೆ ಬಂದ ಅಂತ ಬರೆದರಾಯಿತು.

ಜುಲೈ 27ಕ್ಕೇ ಕಥೆ ನಿಲ್ಲಿಸಬೇಡಿ, ಇನ್ನೂ ಮೂರು ನಾಲ್ಕು ಸರದಿ ಇಟ್ಟುಕೊಳ್ಳಿ. ಜೈಲಿನಲ್ಲಿದ್ದವರು ಬೀದಿಗೆ ವಾಪಸ್ ಬರುವುದು ಆಮೇಲೆಯೇ, ದೂರು ಬರೆದುಕೊಂಡ ಗುಮಾಸ್ತ ಅವರ ಮುಖ ನೋಡಬೇಕಾಗಿರುವುದೂ ಆವಾಗಲೇ.