ಜೆರಾಕ್ಸ್ ಅಂಗಡಿ ಕಂಪ್ಯೂಟರ್‌ನಲ್ಲಿ ಏನು ಉಳಿಯಬೇಕು, ಏನು ಉಳಿಯಬಾರದು

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಕಂಪ್ಯೂಟರ್ ಭದ್ರತೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಆಂಟಿವೈರಸ್ ಹಾಕಿದೀರ? ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇದೆ, ಅಪ್‌ಡೇಟ್ ತಪ್ಪಿಸುವುದಿಲ್ಲ, ಅಷ್ಟೇ. ನಮ್ಮ ತಲೆನೋವು ಬೇರೆ. ದಿನವಿಡೀ ಜನರ ಆಧಾರ್, ಪಾನ್, ಪಹಣಿ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಎಲ್ಲ ನಮ್ಮ ಕೈ ದಾಟಿಯೇ ಹೋಗುತ್ತವೆ. ಕಳ್ಳ ಸಿಪಿಯು ಹೊತ್ತುಕೊಂಡು ಹೋದರೆ ನನಗೆ ಒಂದಷ್ಟು ಸಾವಿರ ಲುಕ್ಸಾನು. ಅದರೊಳಗಿನ ಕಾಗದಪತ್ರ ಹೋದರೆ, ಗುಬ್ಬಿಯಿಂದಲೋ ಕೊರಟಗೆರೆಯಿಂದಲೋ ಬಸ್ಸಿಗೆ ಬಂದು ನಂಬಿ ಕೊಟ್ಟವರಿಗೆ ತೊಂದರೆ.

ಹಾಗಾಗಿ ಎಲ್ಲವನ್ನೂ ಎರಡು ಪಾಲು ಮಾಡಿಕೊಂಡೆ. ಗಿರಾಕಿಯದ್ದು ಅಳಿದುಹೋಗಬೇಕು. ನನ್ನದು ಒಂದಕ್ಕಿಂತ ಜಾಸ್ತಿ ಕಡೆ ಇರಬೇಕು.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತಲ್ಲ, ಕಂಪ್ಯೂಟರ್‌ನಲ್ಲಿ ಉಳಿದರೆ ಏನಂತೆ ಅನ್ನುವವರಿದ್ದಾರೆ. ಆ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ಮಂಜುನಾಥ, 1985 ಅಂತಿದ್ದರೆ ಎಂ ಎ ಎನ್ ಜೆ 1985. ಅದೇ ಫೋಲ್ಡರ್‌ನಲ್ಲಿ ಅವರದೇ ಪಾನ್ ಕಾರ್ಡ್ ಸ್ಕ್ಯಾನ್ ಬಿದ್ದಿದ್ದರೆ ಹೆಸರೂ ವರ್ಷವೂ ಅಲ್ಲೇ ಸಿಗುತ್ತದೆ. ಅದೊಂದು ಬೀಗವಾ?

ಗಿರಾಕಿ ಕೆಲಸಕ್ಕೆಲ್ಲ ಕ್ರೋಮ್‌ನ ಗೆಸ್ಟ್ ಮೋಡ್ ಬಳಸುತ್ತೇವೆ. ವಿಂಡೋ ಮುಚ್ಚಿದರೆ ಲಾಗಿನ್, ಹಿಸ್ಟರಿ ಎಲ್ಲ ಹೋಗುತ್ತದೆ. ಆದರೆ ಡೌನ್‌ಲೋಡ್ ಆದ ಫೈಲ್ ಮಾತ್ರ ಹೋಗುವುದಿಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ಅದಕ್ಕೆ ಡೆಸ್ಕ್‌ಟಾಪ್ ಮೇಲೆ ‘ಇವತ್ತು’ ಅಂತ ಒಂದು ಫೋಲ್ಡರ್ ಮಾಡಿದೆ. ಸ್ಕ್ಯಾನ್, ಡೌನ್‌ಲೋಡ್, ವಾಟ್ಸಾಪ್‌ನಲ್ಲಿ ಬಂದದ್ದು ಏನೇ ಇದ್ದರೂ ಅಲ್ಲಿಗೇ ಬೀಳಬೇಕು. ಕಂಪ್ಯೂಟರ್ ಆನ್ ಆದಾಗಲೆಲ್ಲ ಅದನ್ನು ಖಾಲಿ ಮಾಡುವ ಒಂದು ಚಿಕ್ಕ ಬ್ಯಾಚ್ ಫೈಲನ್ನು (ಕಮಾಂಡ್‌ಗಳ ಪಟ್ಟಿ), ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಸೇರಿಸಿದ್ದೇನೆ. ಶಟರ್ ಎಳೆಯುವ ಮೊದಲು ಕೈಯಾರೆ ಒಂದು ಸಲ ಓಡಿಸುವುದೂ ಉಂಟು. ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಅರ್ಧ ತುಂಬಿದ ಅರ್ಜಿಯ ಸ್ಕ್ಯಾನೂ ಮಾಯ. ಮತ್ತೆ ಸ್ಕ್ಯಾನ್ ಮಾಡುತ್ತೇವೆ, ಪರವಾಗಿಲ್ಲ.

ಡಿಲೀಟ್ ಮಾಡಿದ್ದನ್ನೂ ಕೆಲವೊಮ್ಮೆ ವಾಪಸ್ ತೆಗೆಯಬಹುದು. ಹಾಗಾಗಿ ಡಿಸ್ಕ್‌ಗೆ ಬಿಟ್‌ಲಾಕರ್ ಹಾಕಿದೆ, ಡಿಸ್ಕ್ ಕದ್ದವರು ಕೀ ಇಲ್ಲದೆ ಒಳಗಿನದ್ದನ್ನು ಓದಲಾಗದ ಹಾಗೆ ಮಾಡುವ ವಿಂಡೋಸ್‌ನದೇ ಬೀಗ ಅದು. ಅದನ್ನು ಪೂರ್ತಿ ಬಳಸಬೇಕೆಂದರೆ ವಿಂಡೋಸ್ ಪ್ರೊ ಬೇಕು, ಹೋಮ್‌ನಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟದ್ದಕ್ಕೆ ಬೇಜಾರಿಲ್ಲ. ಆ ಬೀಗ ತೆಗೆಯುವ ಉದ್ದದ ನಂಬರ್, ಅಂದರೆ ರಿಕವರಿ ಕೀ, ಪ್ರಿಂಟ್ ಮಾಡಿ ಮನೆಯ ಬೀರುವಿನಲ್ಲಿಟ್ಟಿದ್ದೇನೆ, ಅಂಗಡಿ ಡ್ರಾದಲ್ಲಿ ಅಲ್ಲ.

ಅಂಗಡಿಯ ವಾಟ್ಸಾಪ್‌ನಲ್ಲಿ ಹೊಸ ಚಾಟ್‌ಗಳಿಗೆಲ್ಲ 24 ಗಂಟೆಯಲ್ಲಿ ಮೆಸೇಜ್ ಮಾಯವಾಗುವ ಹಾಗೆ ಟೈಮರ್ ಇಟ್ಟಿದ್ದೇನೆ. ಫೋಟೋ ತಾನಾಗಿ ಡೌನ್‌ಲೋಡ್ ಆಗುವುದನ್ನೂ ಆಫ್ ಮಾಡಬೇಕು, ಇಲ್ಲಾಂದ್ರೆ ಚಾಟ್ ಹೋದರೂ ಗ್ಯಾಲರಿಯಲ್ಲಿ ಊರಿನವರ ಕಾರ್ಡೆಲ್ಲ ಕೂತಿರುತ್ತವೆ. ಇನ್ನು ಜೆರಾಕ್ಸ್ ಮಷಿನ್. ದೊಡ್ಡ ಡಿಜಿಟಲ್ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ. ನಮ್ಮದು ಸೆಕೆಂಡ್ ಹ್ಯಾಂಡ್. ಸರ್ವಿಸ್‌ನವರನ್ನು ಕರೆಸಿ ಹಳೆಯದ್ದನ್ನೆಲ್ಲ ಅಳಿಸಿ, ಪ್ರತಿ ಕೆಲಸ ಮುಗಿದ ಮೇಲೆ ಇಮೇಜ್ ಅಳಿಸುವ ಸೆಟ್ಟಿಂಗ್ ಆನ್ ಮಾಡಿಸಿದೆ. ಅವರಿಗೇ ಆಶ್ಚರ್ಯ, ಇದನ್ನು ಯಾರೂ ಕೇಳಲ್ಲ ಸಾರ್ ಅಂದರು.

ಎಲ್ಲಕ್ಕಿಂತ ಕಷ್ಟ ಪಾಸ್‌ವರ್ಡ್‌ದು. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಮಗಳ ಜೊತೆ ಬಂದ ತಾಯಿ, “ನೀವೇ ಬರ್ಕೊಂಡಿರಿ ಸಾರ್, ಮುಂದಿನ ವರ್ಷ ಮತ್ತೆ ಬರ್ತೀವಲ್ಲ” ಅನ್ನುತ್ತಾರೆ. ಕೆಲವು ಅಂಗಡಿಗಳಲ್ಲಿ ಇದಕ್ಕೇ ಒಂದು ನೋಟ್‌ಬುಕ್ ಇರುತ್ತದೆ. ಗಿರಾಕಿ ಮತ್ತೆ ನಮ್ಮಲ್ಲಿಗೇ ಬರಲಿ ಅನ್ನೋ ಲೆಕ್ಕವೂ ಅದರಲ್ಲಿ ಇರುತ್ತೆ ಅಲ್ವಾ. ನಾನು ಅಕ್ನಾಲೆಜ್‌ಮೆಂಟ್ ಹಿಂದೆ ಮಗಳ ಕೈಯಲ್ಲೇ ಬರೆಸಿ, “ರೇಷನ್ ಕಾರ್ಡ್ ಇಡೋ ಕವರ್‌ನಲ್ಲೇ ಇಡಮ್ಮ” ಅಂತ ಕೊಟ್ಟು ಕಳಿಸುತ್ತೇನೆ. ಕಳೆದುಕೊಂಡು ಬಂದು ಗೊಣಗುವವರು ಇದ್ದೇ ಇರುತ್ತಾರೆ. ಅವರ ಫೋನಿಗೇ ಓಟಿಪಿ ಬರುತ್ತದೆ, ಹೊಸ ಪಾಸ್‌ವರ್ಡ್ ಮಾಡಿಕೊಂಡರಾಯಿತು. ಆದರೆ ನಂಬರ್ ಬದಲಾಗಿದ್ದರೆ ಮಾತ್ರ ಒದ್ದಾಟ.

ಪೆನ್‌ಡ್ರೈವ್ ಕಾಟಕ್ಕೆ ಹಳೆಯ ಒಂದು ಕಂಪ್ಯೂಟರ್ ಮೀಸಲು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, ಇದರಲ್ಲಿ 11 ಕೂರುವುದಿಲ್ಲ. ಗುಜರಿಗೆ ಹಾಕುವ ಬದಲು ವಿಂಡೋಸ್ ಜಾಗದಲ್ಲಿ ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಕಾಲೇಜು ಹುಡುಗರ ಪೆನ್‌ಡ್ರೈವ್‌ನಲ್ಲಿ ಬರುವ ಶಾರ್ಟ್‌ಕಟ್ ವೈರಸ್ ವಿಂಡೋಸ್‌ಗೆ ಅಂತ ಮಾಡಿದ್ದು, ಇಲ್ಲಿ ಅದರ ಆಟ ನಡೆಯುವುದಿಲ್ಲ. ವರ್ಡ್ ಫೈಲ್ ಅಲೈನ್‌ಮೆಂಟ್ ಮಾತ್ರ ಕೆಡುತ್ತದೆ, ಪ್ರಾಜೆಕ್ಟ್ ರಿಪೋರ್ಟ್ ತರುವವರಿಗೆ ಪಿಡಿಎಫ್ ಮಾಡಿಕೊಂಡು ಬಾರಪ್ಪಾ ಅನ್ನುತ್ತೇನೆ.

ಇನ್ನು ನನ್ನ ಪಾಲು: ಲಗ್ನಪತ್ರಿಕೆಗಳ ಕೋರೆಲ್ ಫೈಲ್, ಟ್ಯಾಲಿ ಲೆಕ್ಕ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇವೆ, ಒಂದು ಅಂಗಡಿಯಲ್ಲಿದ್ದರೆ ಇನ್ನೊಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲು ಬದಲು. ಕಾಪಿ ಮುಗಿದ ಕೂಡಲೇ ವೈರ್ ಕಿತ್ತಿಡಬೇಕು. ಫೈಲ್‌ಗಳಿಗೆಲ್ಲ ಬೀಗ ಜಡಿದು ಬಿಡಿಸಲು ದುಡ್ಡು ಕೇಳುವ ರ‍್ಯಾನ್‌ಸಮ್‌ವೇರ್ ಬಂದರೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. 2017ರ ಮೇನಲ್ಲಿ ಅಂಥದ್ದೇ ಒಂದು, ವಾನಾಕ್ರೈ, ಹರಡಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು.

ಬ್ಯಾಕಪ್ ನಿಜವಾಗಿ ಕೆಲಸಕ್ಕೆ ಬರುತ್ತದಾ ಅಂತ ನೋಡಲು ಒಂದು ಪತ್ರಿಕೆಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದೆ. ಗಣಪತಿ ಚಿತ್ರ, ಬಾರ್ಡರ್ ಎಲ್ಲ ಸರಿಯಾಗಿತ್ತು. ವಧು ವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಕನ್ನಡ ಅಕ್ಷರ ಮೂಡಿಸುವ ನುಡಿ ಫಾಂಟ್ ಆ ಕಂಪ್ಯೂಟರ್‌ನಲ್ಲಿ ಇರಲಿಲ್ಲ. ಅವತ್ತಿನಿಂದ ಫಾಂಟ್ ಫೋಲ್ಡರೂ ಬ್ಯಾಕಪ್‌ಗೆ ಸೇರಿದೆ. ಡಿಟಿಪಿಯವರು ಇದನ್ನು ಇವತ್ತೇ ನೋಡಿಕೊಳ್ಳಿ.

ಕಳ್ಳರ ವಿಷಯಕ್ಕೆ ಜಾಸ್ತಿ ಏನಿಲ್ಲ. ಸಿಪಿಯುಗಳಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಗೂಡು ಮಾಡಿಸಿ ಟೇಬಲ್‌ಗೆ ಬೋಲ್ಟ್ ಹಾಕಿಸಿದ್ದೇನೆ. ಸಿಸಿಟಿವಿಯ ರೆಕಾರ್ಡಿಂಗ್ ಪೆಟ್ಟಿಗೆ, ಡಿವಿಆರ್, ಅಟ್ಟದ ಮೇಲೆ, ಎದುರಿಗಿದ್ದರೆ ಕಳ್ಳ ಅದನ್ನೇ ಮೊದಲು ಎತ್ತುತ್ತಾನೆ. ಫಿಟ್ ಮಾಡಿದವರು ಇಟ್ಟುಹೋದ ಪಾಸ್‌ವರ್ಡ್ ಬದಲಾಯಿಸಿದೆ. ಕೌಂಟರ್ ಮೇಲಿದ್ದ ಕ್ಯಾಮೆರಾವನ್ನು ಬಾಗಿಲು ಮತ್ತು ಗಲ್ಲಾ ಕಡೆಗೆ ತಿರುಗಿಸಿದೆ, ಯಾಕೆಂದರೆ ಝೂಮ್ ಮಾಡಿದರೆ ಗಿರಾಕಿ ಕೈಯಲ್ಲಿದ್ದ ಕಾರ್ಡಿನ ನಂಬರ್ ಸಲೀಸಾಗಿ ಓದಬಹುದಿತ್ತು.